ಜೀನುಗಳ ದಿನವಹಿ: ಔಷಧಕ್ಕೆ ಮುನ್ನ ಲೆಕ್ಕ

ಅಂಗಡಿಯ ದಾಸ್ತಾನು ವಹಿಗೂ ದಿನವಹಿಗೂ ಇರುವ ಅಂತರವನ್ನು ವರ್ತಕ ಬಾಂಧವರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಉಗ್ರಾಣದಲ್ಲಿ ಏನೇನು ಇದೆ ಎಂಬುದನ್ನು ಮೊದಲನೆಯದು ಹೇಳುತ್ತದೆ. ಅದರಲ್ಲಿ ಯಾವುದು ಇಂದು ಹೊರಬಿತ್ತು, ಎಷ್ಟು ಹೊರಬಿತ್ತು ಎಂಬುದನ್ನು ಎರಡನೆಯದು ಹೇಳುತ್ತದೆ. ಎರಡು ಅಂಗಡಿಗಳ ದಾಸ್ತಾನು ಒಂದೇ ಆಗಿದ್ದರೂ ಒಂದು ಲಾಭದಲ್ಲಿ, ಮತ್ತೊಂದು ನಷ್ಟದಲ್ಲಿ ನಡೆಯಬಹುದು. ಕಾರಣ ತಿಳಿಯಬೇಕಾದರೆ ದಿನವಹಿಯನ್ನೇ ತೆರೆಯಬೇಕು. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ವೈದ್ಯಕೀಯ ವಿಜ್ಞಾನವು ಕಲಿತಿರುವ ಪಾಠವೂ ಬಹುಮಟ್ಟಿಗೆ ಇದೇ ಆಗಿದೆ.

ಒಂದೇ ಹೆಸರಿನ ಕ್ಯಾನ್ಸರ್, ಒಂದೇ ಗಾತ್ರದ ಗೆಡ್ಡೆ, ಒಂದೇ ಔಷಧ. ಆದರೂ ಒಬ್ಬರು ಗುಣಮುಖರಾಗುತ್ತಾರೆ, ಇನ್ನೊಬ್ಬರಲ್ಲಿ ರೋಗ ಮರುಕಳಿಸುತ್ತದೆ. ಮೂರನೆಯವರಿಗೆ ಆ ಔಷಧದ ಅಗತ್ಯವೇ ಇರಲಿಲ್ಲವೆಂದು ಅನಂತರ ತಿಳಿದುಬರುತ್ತದೆ. ಈ ಮೂವರನ್ನೂ ಚಿಕಿತ್ಸೆಗೆ ಮುನ್ನವೇ ಬೇರೆಬೇರೆಯಾಗಿ ಗುರುತಿಸಿ, ಅವರವರಿಗೆ ತಕ್ಕ ಔಷಧವನ್ನು ನೀಡುವ ಕ್ರಮಕ್ಕೆ ‘ನಿಖರ ಚಿಕಿತ್ಸೆ’ ಎಂದು ಹೆಸರು. ಜೀವಕೋಶದೊಳಗಿನ ಜೀನುಗಳ ಚಟುವಟಿಕೆಯನ್ನು ಅಳೆದು, ಆ ಅಂಕಿಗಳನ್ನು ಗಣಕಯಂತ್ರದ ಮಾದರಿಗೆ ಒಪ್ಪಿಸಿ, ಮುಂದೇನಾಗಬಹುದೆಂದು ಅಂದಾಜು ಮಾಡುವುದು ಈ ಕ್ರಮದ ಒಂದು ಮುಖ್ಯ ಆಧಾರವಾಗಿದೆ. ಸಣ್ಣ ವ್ಯಾಪಾರದಲ್ಲಿ ಮನೆಯ ಖರ್ಚಿಗೂ ಅಂಗಡಿಯ ಬಂಡವಾಳಕ್ಕೂ ನಡುವೆ ಇರುವ ಗೋಡೆ ತೆಳುವಾದದ್ದು. ಮನೆಯಲ್ಲಿ ಒಂದು ದೊಡ್ಡ ಕಾಯಿಲೆ ಕಾಣಿಸಿಕೊಂಡರೆ ಅದು ಮೊದಲು ಕರಗಿಸುವುದು ದುಡಿಯುವ ಬಂಡವಾಳವನ್ನೇ. ಆದ್ದರಿಂದ ಈ ವಿಷಯವು ವೈದ್ಯರಿಗಷ್ಟೇ ಸಂಬಂಧಿಸಿದ್ದೆಂದು ಬದಿಗಿಡುವಂತಿಲ್ಲ.

ತೂಬು ತೆರೆದಲ್ಲಿ ನೀರು

ಮನುಷ್ಯನ ಪ್ರತಿಯೊಂದು ಜೀವಕೋಶದಲ್ಲಿಯೂ ಪ್ರೋಟೀನುಗಳನ್ನು ತಯಾರಿಸುವ ಸುಮಾರು 20 ಸಾವಿರ ಜೀನುಗಳ ಪಟ್ಟಿ ಇದೆ. ಕಣ್ಣಿನ ಕೋಶಕ್ಕೂ ಯಕೃತ್ತಿನ ಕೋಶಕ್ಕೂ ಈ ಪಟ್ಟಿ ಒಂದೇ. ಆದರೂ ಒಂದು ನೋಡುತ್ತದೆ, ಇನ್ನೊಂದು ಪಿತ್ತರಸವನ್ನು ಸ್ರವಿಸುತ್ತದೆ. ಏಕೆಂದರೆ ಪಟ್ಟಿಯಲ್ಲಿರುವ ಎಲ್ಲ ಜೀನುಗಳೂ ಎಲ್ಲೆಡೆಯೂ ಕೆಲಸ ಮಾಡುವುದಿಲ್ಲ.

ಕಡೂರು–ಚಿಕ್ಕಮಗಳೂರು ರಸ್ತೆಯಲ್ಲಿರುವ ಸಖರಾಯಪಟ್ಟಣದ ಜನರಿಗೆ ಇದನ್ನು ಅಯ್ಯನಕೆರೆಯ ಉದಾಹರಣೆಯಿಂದ ಸುಲಭವಾಗಿ ತಿಳಿಸಬಹುದು. ಕೆರೆ ಒಂದೇ, ನೀರೂ ಒಂದೇ. ಆದರೆ ಯಾವ ತೂಬನ್ನು ಎಷ್ಟು ಎತ್ತಲಾಗಿದೆ ಎಂಬುದರ ಮೇಲೆ ಯಾವ ಬಯಲಿನಲ್ಲಿ ಪೈರು ಹಸುರಾಗುತ್ತದೆ, ಯಾವುದು ಒಣಗುತ್ತದೆ ಎಂಬುದು ನಿರ್ಧಾರವಾಗುತ್ತದೆ. ತೂಬು ಕೆಟ್ಟು ಮುಚ್ಚದೇ ಹೋದರೆ ಅದೇ ನೀರು ಗದ್ದೆಯನ್ನು ಕೊಚ್ಚುತ್ತದೆ. ಜೀವಕೋಶದಲ್ಲಿಯೂ ಜೀನು ಕೆಲಸಕ್ಕೆ ತೊಡಗಿದಾಗ ಆರ್‌ಎನ್‌ಎ ಎಂಬ ನಕಲು ಪ್ರತಿಗಳು ಹೊರಡುತ್ತವೆ. ಅವುಗಳ ಸೂಚನೆಯಂತೆ ಪ್ರೋಟೀನು ತಯಾರಾಗುತ್ತದೆ. ಆ ನಕಲು ಪ್ರತಿಗಳನ್ನು ಎಣಿಸಿದರೆ ಯಾವ ತೂಬು ಎಷ್ಟು ತೆರೆದಿದೆ ಎಂಬುದು ತಿಳಿಯುತ್ತದೆ. ಇದಕ್ಕೇ ಜೀನ್ ಚಟುವಟಿಕೆಯ ಮಾಪನ ಎನ್ನುತ್ತಾರೆ.

ತೂಬಿನ ದೋಷವನ್ನು ನೇರವಾಗಿ ಗುರಿಯಿಟ್ಟು ಔಷಧ ತಯಾರಿಸಿದ ನಿದರ್ಶನವೂ ಇದೆ. ಸ್ತನ ಕ್ಯಾನ್ಸರಿನ ಐದಾರು ರೋಗಿಗಳಲ್ಲಿ ಸುಮಾರು ಒಬ್ಬರಿಗೆ ‘ಹರ್-2’ ಎಂಬ ಜೀನು ಮಿತಿಮೀರಿ ಕೆಲಸ ಮಾಡುತ್ತಿರುತ್ತದೆ. ಆ ಜೀನಿನ ಪ್ರೋಟೀನನ್ನು ತಡೆಯುವ ಟ್ರಾಸ್ಟುಜುಮಾಬ್ ಎಂಬ ಔಷಧಕ್ಕೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇದರ ಸಮರೂಪಿ ಔಷಧವನ್ನು ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2014ರಲ್ಲಿ ‘ಕ್ಯಾನ್‌ಮ್ಯಾಬ್’ ಎಂಬ ಹೆಸರಿನಿಂದ ಭಾರತದ ಮಾರುಕಟ್ಟೆಗೆ ತಂದಿತು. 2017ರ ಡಿಸೆಂಬರಿನಲ್ಲಿ ಅದೇ ಔಷಧಕ್ಕೆ ಅಮೆರಿಕದ ನಿಯಂತ್ರಣ ಸಂಸ್ಥೆಯ ಅನುಮತಿಯೂ ದೊರೆಯಿತು. ಹರ್-2 ದೋಷವಿಲ್ಲದ ಉಳಿದವರಿಗೆ ಈ ದುಬಾರಿ ಔಷಧವನ್ನು ಕೊಡುವುದು ಸಾಮಾನ್ಯವಾಗಿ ವ್ಯರ್ಥ. ಹೀಗಾಗಿ ಪರೀಕ್ಷೆ ಮೊದಲು, ಔಷಧ ಅನಂತರ ಎಂಬ ನಿಯಮವು ಇಲ್ಲಿಂದಲೇ ಬಲಗೊಂಡಿತು.

ಅಂಕಿಗಳಿಂದ ನಿರ್ಣಯದ ಕಡೆಗೆ

ಒಂದು ಜೀನನ್ನು ನೋಡಿ ನಿರ್ಧರಿಸುವುದು ಸುಲಭ. ಆದರೆ ಹೆಚ್ಚಿನ ರೋಗಗಳಲ್ಲಿ ಹತ್ತಾರು ಜೀನುಗಳು ಸ್ವಲ್ಪ ಸ್ವಲ್ಪವಾಗಿ ಏರಿಳಿದಿರುತ್ತವೆ. ಅವನ್ನು ಒಟ್ಟಾಗಿ ಓದಲು ಗಣಕಯಂತ್ರವೇ ಬೇಕು. 1999ರಲ್ಲಿ ಟಾಡ್ ಗೊಲಬ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಇದನ್ನು ಮೊದಲ ಬಾರಿಗೆ ಸ್ಪಷ್ಟವಾಗಿ ತೋರಿಸಿಕೊಟ್ಟರು. 38 ಮಂದಿ ರಕ್ತ ಕ್ಯಾನ್ಸರ್ ರೋಗಿಗಳ ಸುಮಾರು 6,800 ಜೀನುಗಳ ಚಟುವಟಿಕೆಯನ್ನು ಅಳೆದು, ಅವುಗಳಲ್ಲಿ 50 ಜೀನುಗಳನ್ನು ಆರಿಸಿ, ರೋಗದ ಎರಡು ಬಗೆಗಳನ್ನು ಬೇರ್ಪಡಿಸುವ ಮಾದರಿಯನ್ನು ಅವರು ರಚಿಸಿದರು. ಅನಂತರ ಆ ಮಾದರಿಯು ಹಿಂದೆಂದೂ ಕಾಣದ 34 ಮಾದರಿಗಳನ್ನು ಅದರ ಮುಂದಿಟ್ಟರು. 29ರ ವಿಷಯದಲ್ಲಿ ಅದು ಖಚಿತ ಉತ್ತರ ನೀಡಿತು. ಆ 29 ಉತ್ತರಗಳೂ ಸರಿಯಾಗಿದ್ದವು. ಉಳಿದ ಐದರ ಬಗ್ಗೆ ಖಚಿತವಾಗಿ ಹೇಳಲಾಗದು ಎಂದು ಮಾದರಿಯೇ ಒಪ್ಪಿಕೊಂಡದ್ದು ಗಮನಾರ್ಹ.

ಇಂತಹ ಮಾದರಿಯ ಒಳಗೆ ನಡೆಯುವುದೇನು? ಬ್ಯಾಂಕಿನಲ್ಲಿ ಸಾಲ ಕೇಳಿದವರಿಗೆಲ್ಲ ಸಿಬಿಲ್ ಅಂಕ ಪರಿಚಿತ. ಸಕಾಲದ ಮರುಪಾವತಿಗೆ ಇಷ್ಟು, ಬಾಕಿ ಸಾಲಕ್ಕೆ ಇಷ್ಟು ಎಂದು ಒಂದೊಂದು ಅಂಶಕ್ಕೂ ತೂಕ ಕೊಟ್ಟು, ಕೊನೆಗೆ ಒಂದೇ ಅಂಕವನ್ನು ಹೊರಡಿಸಲಾಗುತ್ತದೆ. 2004ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ‘ಆಂಕೋಟೈಪ್ ಡಿಎಕ್ಸ್’ ಪರೀಕ್ಷೆಯ ತತ್ತ್ವವೂ ಇಂಥದೇ. ಸ್ತನದ ಗೆಡ್ಡೆಯಲ್ಲಿ 21 ಜೀನುಗಳ ಚಟುವಟಿಕೆಯನ್ನು ಅದು ಅಳೆಯುತ್ತದೆ. ಅವುಗಳಲ್ಲಿ 16 ರೋಗಕ್ಕೆ ಸಂಬಂಧಿಸಿದವು. ಉಳಿದ 5 ಸದಾ ಒಂದೇ ಪ್ರಮಾಣದಲ್ಲಿ ಕೆಲಸ ಮಾಡುವ ಜೀನುಗಳು. ಬೆಲೆಗಳನ್ನು ಹೋಲಿಸುವಾಗ ಆಧಾರ ವರ್ಷವನ್ನು ಇಟ್ಟುಕೊಳ್ಳುವಂತೆ ಇವನ್ನು ಹೋಲಿಕೆಗೆ ಇಟ್ಟುಕೊಳ್ಳಲಾಗುತ್ತದೆ. ತೂಕ ಹಾಕಿ ಕೂಡಿದ ಮೇಲೆ 0ಯಿಂದ 100ರ ವರೆಗಿನ ಒಂದು ಅಂಕ ಬರುತ್ತದೆ. ಅಂಕ ಕಡಿಮೆಯಿದ್ದಷ್ಟೂ ರೋಗ ಮರಳುವ ಸಂಭವ ಕಡಿಮೆ.

ಈ ಅಂಕವನ್ನು ನಂಬಿ ಕೀಮೋಥೆರಪಿಯನ್ನು ಬಿಡಬಹುದೇ ಎಂಬುದೇ ನಿಜವಾದ ಪ್ರಶ್ನೆಯಾಗಿತ್ತು. ಹತ್ತು ಸಾವಿರಕ್ಕೂ ಅಧಿಕ ಮಹಿಳೆಯರನ್ನು ಒಳಗೊಂಡ ‘ಟೇಲರ್-ಎಕ್ಸ್’ ಅಧ್ಯಯನವು 2018ರಲ್ಲಿ ಇದಕ್ಕೆ ಉತ್ತರ ನೀಡಿತು. ಹಾರ್ಮೋನು ಚಿಕಿತ್ಸೆಗೆ ಸ್ಪಂದಿಸುವ, ಹರ್-2 ದೋಷವಿಲ್ಲದ, ಕಂಕುಳಿನ ಗ್ರಂಥಿಗಳಿಗೆ ಹಬ್ಬದ ಕ್ಯಾನ್ಸರಿನಲ್ಲಿ 11ರಿಂದ 25ರ ವರೆಗೆ ಅಂಕ ಪಡೆದ 6,711 ಮಹಿಳೆಯರನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಹಾರ್ಮೋನು ಚಿಕಿತ್ಸೆ ಮಾತ್ರ, ಇನ್ನೊಂದಕ್ಕೆ ಅದರೊಂದಿಗೆ ಕೀಮೋಥೆರಪಿ. ಒಂಬತ್ತು ವರ್ಷಗಳ ನಂತರ ಹೊಸದಾಗಿ ಕ್ಯಾನ್ಸರ್ ಕಾಣಿಸಿಕೊಳ್ಳದೆ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇಕಡಾ 83.3, ಎರಡನೆಯದರಲ್ಲಿ ಶೇಕಡಾ 84.3. ವ್ಯತ್ಯಾಸ ನಗಣ್ಯ. ಆದರೆ 50 ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರಲ್ಲಿ, ಅಂಕವು 16ರಿಂದ 25ರ ನಡುವೆ ಇದ್ದಾಗ, ಕೀಮೋಥೆರಪಿಯಿಂದ ಒಂದಿಷ್ಟು ಪ್ರಯೋಜನ ಕಂಡುಬಂದಿತು. ಆದ್ದರಿಂದ ಅಂಕವನ್ನು ವಯಸ್ಸಿನೊಂದಿಗೆ ಸೇರಿಸಿ ವೈದ್ಯರೇ ಓದಬೇಕು. ಕೂದಲು ಉದುರುವಿಕೆ, ವಾಂತಿ, ಸೋಂಕಿನ ಭಯ, ತಿಂಗಳುಗಟ್ಟಲೆ ಆಸ್ಪತ್ರೆಯ ಓಡಾಟ, ಇವೆಲ್ಲವೂ ಅನಗತ್ಯವಾಗಿದ್ದ ಅನೇಕರನ್ನು ಒಂದು ಲೆಕ್ಕ ಪಾರುಮಾಡಿತೆಂಬುದು ಸಣ್ಣ ಮಾತಲ್ಲ.

ಕರ್ನಾಟಕದ ಪಾತ್ರ

ಈ ಲೆಕ್ಕದ ವಿದ್ಯೆಯಲ್ಲಿ ಕರ್ನಾಟಕ ಹಿಂದುಳಿದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ವಿಜ್ಞಾನ ಪ್ರಾಧ್ಯಾಪಕರಾಗಿದ್ದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು 2000ದಲ್ಲಿ ಬೆಂಗಳೂರಿನಲ್ಲಿ ‘ಸ್ಟ್ರ್ಯಾಂಡ್ ಜೀನೋಮಿಕ್ಸ್’ ಕಂಪನಿಯನ್ನು ಸ್ಥಾಪಿಸಿದರು. ಕಡಿಮೆ ಬೆಲೆಯ ‘ಸಿಂಪ್ಯೂಟರ್’ ಯಂತ್ರದ ಹಿಂದೆಯೂ ಇದ್ದವರು ಇವರೇ. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ, ಸ್ಟ್ರ್ಯಾಂಡ್ ನಿಂತಿತು. ಮುಂದೆ ‘ಸ್ಟ್ರ್ಯಾಂಡ್ ಲೈಫ್ ಸೈನ್ಸಸ್’ ಎಂದು ಹೆಸರು ಬದಲಿಸಿಕೊಂಡ ಈ ಕಂಪನಿಯು ಜೀನ್ ಚಟುವಟಿಕೆಯ ಅಂಕಿಗಳನ್ನು ವಿಶ್ಲೇಷಿಸುವ ‘ಅವಾದಿಸ್’ ತಂತ್ರಾಂಶವನ್ನು ರೂಪಿಸಿತು. ಅಮೆರಿಕದ ಅಜಿಲೆಂಟ್ ಸಂಸ್ಥೆಯ ‘ಜೀನ್‌ಸ್ಪ್ರಿಂಗ್’ ತಂತ್ರಾಂಶವು ಇದರ ಆಧಾರದ ಮೇಲೆಯೇ ಮರುನಿರ್ಮಾಣಗೊಂಡು ಹೊರದೇಶಗಳ ಪ್ರಯೋಗಾಲಯಗಳನ್ನು ಸೇರಿತು. ಕಾಲಕ್ರಮದಲ್ಲಿ ಸ್ಟ್ರ್ಯಾಂಡ್ ರೋಗಿಗಳ ಪರೀಕ್ಷೆಗೂ ಕೈಹಾಕಿತು. 2021ರ ಸೆಪ್ಟೆಂಬರಿನಲ್ಲಿ ರಿಲಯನ್ಸ್ ಸಮೂಹದ ಅಂಗಸಂಸ್ಥೆಯೊಂದು 393 ಕೋಟಿ ರೂಪಾಯಿಗೆ ಇದರ ಬಹುಪಾಲು ಷೇರುಗಳನ್ನು ಕೊಂಡಿತು. ಪ್ರಾಧ್ಯಾಪಕರ ಕೊಠಡಿಯಲ್ಲಿ ಹುಟ್ಟಿದ ಲೆಕ್ಕದ ವಿದ್ಯೆಗೆ ಮಾರುಕಟ್ಟೆ ಕಟ್ಟಿದ ಬೆಲೆ ಇದು.

ಮತ್ತೊಂದು ಉದಾಹರಣೆ ಇನ್ನೂ ಹತ್ತಿರದ್ದು. ಡಾ. ಮಂಜಿರಿ ಬಾಕ್ರೆ ಅವರು 2011ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ‘ಆಂಕೋಸ್ಟೆಮ್ ಡಯಾಗ್ನಾಸ್ಟಿಕ್ಸ್’ ಸಂಸ್ಥೆಯು ‘ಕ್ಯಾನ್‌ಅಸಿಸ್ಟ್ ಬ್ರೆಸ್ಟ್’ ಎಂಬ ಪರೀಕ್ಷೆಯನ್ನು ರೂಪಿಸಿದೆ. ವಿದೇಶಿ ಪರೀಕ್ಷೆಯ ದರ ಸುಮಾರು 4 ಸಾವಿರ ಡಾಲರ್. ಅದು ನಮ್ಮ ಹೆಚ್ಚಿನ ಕುಟುಂಬಗಳ ಕೈಗೆ ಎಟುಕುವಂಥದಲ್ಲ. ಕ್ಯಾನ್‌ಅಸಿಸ್ಟ್ ಆರ್‌ಎನ್‌ಎ ಎಣಿಸುವುದರ ಬದಲಿಗೆ ಜೀನುಗಳ ಚಟುವಟಿಕೆಯ ಫಲವಾದ 5 ಪ್ರೋಟೀನುಗಳನ್ನು ಅಳೆಯುತ್ತದೆ. ಇದಕ್ಕೆ ಬೇಕಾದ ಬಣ್ಣ ಹಚ್ಚುವ ವಿಧಾನವು ರೋಗನಿದಾನ ಪ್ರಯೋಗಾಲಯಗಳಲ್ಲಿ ಮೊದಲಿನಿಂದಲೂ ರೂಢಿಯಲ್ಲಿದೆ. ಗೆಡ್ಡೆಯ ಗಾತ್ರ, ದರ್ಜೆ ಮತ್ತು ಗ್ರಂಥಿಗಳ ಸ್ಥಿತಿಯನ್ನು ಇದಕ್ಕೆ ಸೇರಿಸಿ ಗಣಕ ಮಾದರಿಯು ಅಂಕ ನೀಡುತ್ತದೆ. 15.5 ಅಥವಾ ಅದಕ್ಕಿಂತ ಕಡಿಮೆಯಾದರೆ ಐದು ವರ್ಷಗಳೊಳಗೆ ರೋಗ ಮರಳುವ ಅಪಾಯ ಕಡಿಮೆ, ಹೆಚ್ಚಾದರೆ ಅಪಾಯ ಹೆಚ್ಚು ಎಂದು ಗಣಿಸಲಾಗುತ್ತದೆ. ಈ ಮಾದರಿಯನ್ನು ಭಾರತೀಯ ರೋಗಿಗಳ ಮಾದರಿಗಳ ಮೇಲೆ ರೂಪಿಸಿದ್ದು ವಿಶೇಷ.

ಲೆಕ್ಕಪರಿಶೋಧನೆ ಇಲ್ಲದ ಮಾದರಿ

ಇಷ್ಟೆಲ್ಲ ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. 20 ಸಾವಿರ ಸರಕುಗಳ ಹತ್ತು ವರ್ಷದ ಧಾರಣೆಯನ್ನು ಮುಂದಿಟ್ಟುಕೊಂಡು ಕುಳಿತರೆ, ಅವುಗಳಲ್ಲಿ ಯಾವುದಾದರೂ ಕೆಲವು ಕಾಕತಾಳೀಯವಾಗಿ ಮಳೆಯ ಪ್ರಮಾಣಕ್ಕೆ ಸರಿಯಾಗಿ ಏರಿಳಿದಂತೆ ಕಾಣುತ್ತವೆ. ಅದನ್ನು ನಂಬಿ ಮುಂದಿನ ವರ್ಷ ಖರೀದಿ ಮಾಡಿದವನು ಮುಳುಗುತ್ತಾನೆ. ಜೀನುಗಳು ಸಾವಿರಾರು, ರೋಗಿಗಳು ನೂರಾರು ಇರುವ ಕಡೆಯೂ ಇದೇ ಅಪಾಯ. ಆದ್ದರಿಂದ ಮಾದರಿಯನ್ನು ರೂಪಿಸಿದ ರೋಗಿಗಳೇ ಬೇರೆ, ಪರೀಕ್ಷಿಸುವ ರೋಗಿಗಳೇ ಬೇರೆ ಆಗಿರಬೇಕು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು ಈ ಕ್ಷೇತ್ರದ ದೊಡ್ಡ ಪಾಠ. ಜೀನ್ ಚಟುವಟಿಕೆಯನ್ನು ನೋಡಿ ಯಾರಿಗೆ ಯಾವ ಕೀಮೋಥೆರಪಿ ಹೊಂದುತ್ತದೆ ಎಂದು ಹೇಳಬಲ್ಲ ಮಾದರಿಯೊಂದು 2006ರಲ್ಲಿ ಪ್ರತಿಷ್ಠಿತ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ನಂಬಿ ರೋಗಿಗಳ ಮೇಲೆ ಪ್ರಯೋಗಗಳೂ ಆರಂಭವಾದವು. ಟೆಕ್ಸಾಸ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಸಂಖ್ಯಾಶಾಸ್ತ್ರಜ್ಞರಾದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಮೂಲ ಅಂಕಿಗಳನ್ನು ತರಿಸಿಕೊಂಡು ಒಂದೊಂದು ಸಾಲನ್ನೂ ತಾಳೆ ನೋಡಿದರು. ಜೀನುಗಳ ಹೆಸರುಗಳ ಪಟ್ಟಿ ಒಂದು ಸಾಲು ಜಾರಿ ಕುಳಿತಿತ್ತು! ಕೆಲವೆಡೆ ಔಷಧಕ್ಕೆ ಬಗ್ಗುವ ಮತ್ತು ಬಗ್ಗದ ಗುಂಪುಗಳ ಗುರುತೇ ಅದಲುಬದಲಾಗಿತ್ತು. ಖರ್ಚಿನ ಬಾಬ್ತು ಜಮೆಗೆ, ಜಮೆಯ ಬಾಬ್ತು ಖರ್ಚಿಗೆ ಬರೆದಂತೆ ಇದು. 2010ರಲ್ಲಿ ಪ್ರಯೋಗಗಳು ನಿಂತವು; ಮರುವರ್ಷ ಆ ಲೇಖನವನ್ನು ಹಿಂಪಡೆಯಲಾಯಿತು. ಮೂಲ ವಹಿಯನ್ನು ಹೊರಗಿನವರ ಪರಿಶೀಲನೆಗೆ ತೆರೆದಿಡದ ಮಾದರಿಯನ್ನು ನಂಬಬಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಲೆಕ್ಕ ಬರೆಯುವವರಿಗೆಲ್ಲ ಚಿರಪರಿಚಿತವಾದ ಎಕ್ಸೆಲ್ ತಂತ್ರಾಂಶವೂ ಇಲ್ಲಿ ತೊಂದರೆ ಕೊಟ್ಟಿದೆ. ಸೆಪ್ಟ್-2, ಮಾರ್ಚ್-1 ಮುಂತಾದ ಜೀನುಗಳ ಸಂಕ್ಷಿಪ್ತ ಹೆಸರುಗಳನ್ನು ಎಕ್ಸೆಲ್ ತಾನಾಗಿಯೇ ಸೆಪ್ಟೆಂಬರ್ 2, ಮಾರ್ಚ್ 1 ಎಂದು ದಿನಾಂಕಗಳಾಗಿ ಮಾರ್ಪಡಿಸುತ್ತಿತ್ತು. ಎಕ್ಸೆಲ್ ಪಟ್ಟಿಗಳನ್ನು ಲಗತ್ತಿಸಿದ್ದ ಸಂಶೋಧನಾ ಲೇಖನಗಳ ಪೈಕಿ ಸುಮಾರು ಐದರಲ್ಲಿ ಒಂದರಲ್ಲಿ ಇಂತಹ ತಪ್ಪುಗಳಿವೆಯೆಂದು 2016ರಲ್ಲಿ ಬೆಳಕಿಗೆ ಬಂದಿತು. ಕೊನೆಗೆ ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಸೋತು, ಅಂತಹ ಜೀನುಗಳ ಹೆಸರುಗಳನ್ನು ಬದಲಾಯಿಸಿರುವುದಾಗಿ 2020ರಲ್ಲಿ ಪ್ರಕಟಿಸಿತು.

ನಮ್ಮವರ ಅಂಕಿಗಳು ಬೇಕು

ಮಾದರಿ ಎಷ್ಟೇ ಚೆನ್ನಾಗಿದ್ದರೂ ಅದು ಕಲಿತದ್ದು ಯಾರ ಅಂಕಿಗಳಿಂದ ಎಂಬುದು ಮುಖ್ಯ. ಯೂರೋಪ್, ಅಮೆರಿಕಗಳ ರೋಗಿಗಳಿಂದ ಕಲಿತ ಮಾದರಿಯನ್ನು ಕಡೂರು, ತರೀಕೆರೆ, ಅಜ್ಜಂಪುರದ ರೋಗಿಗೆ ಹಾಗೆಯೇ ಅನ್ವಯಿಸುವುದೆಂದರೆ, ಮುಂಬಯಿಯ ಧಾರಣೆಯಿಂದ ಇಲ್ಲಿಯ ಸಂತೆಯ ಬೆಲೆ ಕಟ್ಟಿದಂತೆ. ಈ ಕೊರತೆಯನ್ನು ತುಂಬುವ ಸಲುವಾಗಿ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು 2020ರಲ್ಲಿ ‘ಜೀನೋಮ್ ಇಂಡಿಯಾ’ ಯೋಜನೆಯನ್ನು ಆರಂಭಿಸಿತು. ದೇಶದ 20 ಸಂಸ್ಥೆಗಳು ಪಾಲ್ಗೊಂಡ ಈ ಯೋಜನೆಯ ನೇತೃತ್ವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ್ದಾಗಿತ್ತು. ಹತ್ತು ಸಾವಿರ ಭಾರತೀಯರ ಜೀನೋಮ್ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ಲಭ್ಯಗೊಳಿಸಲಾಯಿತು. ಇದು ದಾಸ್ತಾನು ವಹಿಯಷ್ಟೇ. ಚಟುವಟಿಕೆಯ ದಿನವಹಿ ಇನ್ನು ಮುಂದೆ ಬೃಹತ್ ಪ್ರಮಾಣದಲ್ಲಿ ಬೆಳೆಯಬೇಕಾಗಿದೆ.

ಇತ್ತ ಮಾದರಿಗಳ ಗಾತ್ರವೂ ಬೆಳೆಯುತ್ತಿದೆ. ಸುಮಾರು 3 ಕೋಟಿ ಬಿಡಿ ಕೋಶಗಳ ಜೀನ್ ಚಟುವಟಿಕೆಯಿಂದ ಕಲಿತ ‘ಜೀನ್‌ಫಾರ್ಮರ್’ ಎಂಬ ಮಾದರಿ 2023ರಲ್ಲಿ ಪ್ರಕಟವಾಯಿತು. ಡಿಎನ್‌ಎ ಬರಹದಲ್ಲಿ ಒಂದು ಅಕ್ಷರ ಬದಲಾದರೆ ಯಾವ ತೂಬು ಏರುತ್ತದೆ, ಯಾವುದು ಇಳಿಯುತ್ತದೆ ಎಂದು ಅಂದಾಜಿಸುವ ‘ಆಲ್ಫಾಜೀನೋಮ್’ ಮಾದರಿಯನ್ನು ಗೂಗಲ್ ಡೀಪ್‌ಮೈಂಡ್ ಸಂಸ್ಥೆ 2025ರ ಜೂನ್‌ನಲ್ಲಿ ಹೊರತಂದಿತು. ಇವು ಸಂಶೋಧನೆಯ ಸಾಧನಗಳೇ ಹೊರತು ರೋಗಿಯ ಕೈಗೆ ಕೊಡುವ ವರದಿಗಳಲ್ಲ ಎಂಬುದನ್ನು ಮರೆಯುವಂತಿಲ್ಲ.

ಕುಟುಂಬದ ಲೆಕ್ಕ

ಸಖರಾಯಪಟ್ಟಣದ ಕೊಬ್ಬರಿ ವರ್ತಕರೊಬ್ಬರ ಪತ್ನಿಗೆ ಆರಂಭಿಕ ಹಂತದ ಸ್ತನ ಕ್ಯಾನ್ಸರ್ ಪತ್ತೆಯಾಗಿದೆ ಎಂದು ಭಾವಿಸಬಹುದು. ಶಸ್ತ್ರಚಿಕಿತ್ಸೆ ಮುಗಿದಿದೆ. ಮುಂದೆ ಕೀಮೋಥೆರಪಿ ಬೇಕೇ ಬೇಡವೇ ಎಂಬುದು ಪ್ರಶ್ನೆ. ಈ ಹಂತದಲ್ಲಿ ಕುಟುಂಬದವರು ತಿಳಿದಿರಬೇಕಾದ ಸಂಗತಿಗಳು ಕೆಲವಿವೆ.

ಮೊದಲನೆಯದಾಗಿ, ತೆಗೆದ ಗೆಡ್ಡೆಯ ತುಣುಕನ್ನು ಪ್ರಯೋಗಾಲಯವು ಫಾರ್ಮಲಿನ್‌ನಲ್ಲಿ ಸಂಸ್ಕರಿಸಿ ಮೇಣದ ಬಿಲ್ಲೆಯಲ್ಲಿ ಹುದುಗಿಸಿಡುತ್ತದೆ. ಇದಕ್ಕೆ ‘ಪ್ಯಾರಾಫಿನ್ ಬ್ಲಾಕ್’ ಎಂದು ಹೆಸರು. ವರದಿಯ ಕಾಗದ ನಕಲಾದರೆ ಇದು ಮೂಲ ವೋಚರ್. ಯಾವುದೇ ಮುಂದಿನ ಪರೀಕ್ಷೆ ಈ ಬ್ಲಾಕಿನ ಮೇಲೆಯೇ ನಡೆಯಬೇಕು. ಚಿಕ್ಕಮಗಳೂರಿನಿಂದಾಗಲಿ ಶಿವಮೊಗ್ಗದಿಂದಾಗಲಿ ಇದನ್ನು ಬೆಂಗಳೂರಿಗೆ ಕಳುಹಿಸಿದರೆ ಸಾಕು. ಪರೀಕ್ಷೆಗಾಗಿ ರೋಗಿಯೇ ಪ್ರಯಾಣ ಮಾಡಬೇಕಾಗಿಲ್ಲ. ತುಣುಕನ್ನು ತಡಮಾಡದೆ ಫಾರ್ಮಲಿನ್‌ಗೆ ಹಾಕದಿದ್ದರೆ ಮಾತ್ರ ಒಳಗಿನ ದಾಖಲೆಯೇ ಅಳಿಸಿಹೋಗುತ್ತದೆ. ಬ್ಲಾಕ್ ಎಲ್ಲಿದೆ, ಎಷ್ಟು ಕಾಲ ಕಾಯ್ದಿಡಲಾಗುತ್ತದೆ ಎಂಬುದನ್ನು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳುವುದು ಜಾಣತನ.

ಎರಡನೆಯದಾಗಿ, ಪರೀಕ್ಷೆಯ ಫಲಿತಾಂಶದಿಂದ ಚಿಕಿತ್ಸೆ ಬದಲಾಗುವುದೇ ಎಂದು ವೈದ್ಯರನ್ನು ಕೇಳಬೇಕು. ಬದಲಾಗದಿದ್ದರೆ ಅಂತಹ ಪರೀಕ್ಷೆ ಎಷ್ಟು ಅಗ್ಗವಾದರೂ ದುಬಾರಿಯೇ. ಈ ಮಾದರಿಯನ್ನು ಎಷ್ಟು ರೋಗಿಗಳ ಮೇಲೆ, ಎಷ್ಟು ವರ್ಷ ಪರೀಕ್ಷಿಸಲಾಗಿದೆ, ಅವರಲ್ಲಿ ಭಾರತೀಯರಿದ್ದರೇ ಎಂಬ ಪ್ರಶ್ನೆಗಳನ್ನು ಕೇಳಲು ಸಂಕೋಚ ಬೇಡ.

ಮೂರನೆಯದಾಗಿ, ವಿಮೆ. ಆರೋಗ್ಯ ವಿಮಾ ಪಾಲಿಸಿಗಳು ಸಾಮಾನ್ಯವಾಗಿ ಆಸ್ಪತ್ರೆಗೆ ಸೇರುವ ಮುಂಚಿನ ಹಾಗೂ ನಂತರದ ನಿರ್ದಿಷ್ಟ ದಿನಗಳೊಳಗಿನ ಪರೀಕ್ಷೆಗಳ ವೆಚ್ಚವನ್ನು ಮಾತ್ರ ಭರಿಸುತ್ತವೆ. ಆ ಅವಧಿಯನ್ನು ನೋಡಿಕೊಂಡು ಪರೀಕ್ಷೆ ಮಾಡಿಸಿದರೆ ಸಾವಿರಾರು ರೂಪಾಯಿ ಉಳಿಯುತ್ತದೆ. ಅನುವಂಶಿಕ ರೋಗವೆಂಬ ಕಾರಣವೊಂದರಿಂದಲೇ ರಕ್ಷಣೆ ನಿರಾಕರಿಸುವಂತಿಲ್ಲವೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2019ರ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಜಿಎಸ್‌ಟಿಯನ್ನು ತೆಗೆದುಹಾಕಲಾಗಿದೆ. ನೌಕರರಿಗಾಗಿ ಕೊಳ್ಳುವ ಸಮೂಹ ವಿಮೆಗೆ ಈ ವಿನಾಯಿತಿ ದೊರೆತಿಲ್ಲ.

ನಾಲ್ಕನೆಯದಾಗಿ, ಆದಾಯ ತೆರಿಗೆ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರು ಕ್ಯಾನ್ಸರ್‌ನಂತಹ ನಿಗದಿತ ಕಾಯಿಲೆಗಳ ಚಿಕಿತ್ಸಾ ವೆಚ್ಚಕ್ಕೆ 40 ಸಾವಿರ ರೂಪಾಯಿಗಳವರೆಗೆ, ರೋಗಿಯು ಹಿರಿಯ ನಾಗರಿಕರಾಗಿದ್ದರೆ 1 ಲಕ್ಷ ರೂಪಾಯಿಗಳವರೆಗೆ ಕಡಿತ ಪಡೆಯಬಹುದು. ವಿಮೆಯಿಂದ ಬಂದ ಹಣವನ್ನು ಇದರಲ್ಲಿ ಕಳೆಯಬೇಕು. ತಜ್ಞ ವೈದ್ಯರ ಚೀಟಿ ಕಡ್ಡಾಯ. ಹೊಸ ಪದ್ಧತಿಯಲ್ಲಿ ಈ ಸೌಲಭ್ಯವಿಲ್ಲ. ಆದ್ದರಿಂದ ಮನೆಯಲ್ಲಿ ದೊಡ್ಡ ಚಿಕಿತ್ಸೆ ನಡೆದ ವರ್ಷ, ಪದ್ಧತಿಯನ್ನು ಆರಿಸುವ ಮುನ್ನ ಎರಡೂ ಕಡೆ ಲೆಕ್ಕ ಹಾಕಿ ನೋಡುವುದು ಒಳಿತು. ವ್ಯಾಪಾರದ ಆದಾಯವುಳ್ಳವರು ಒಮ್ಮೆ ಹೊಸದನ್ನು ಬಿಟ್ಟು ಹಳೆಯದಕ್ಕೆ ಹೋದರೆ ಮತ್ತೆ ಮತ್ತೆ ಬದಲಿಸಲು ಅವಕಾಶವಿಲ್ಲವೆಂಬುದೂ ನೆನಪಿರಲಿ.

ಉದ್ದಿಮೆದಾರರ ಗಮನಕ್ಕೆ

ಈ ಕ್ಷೇತ್ರವೆಂದರೆ ತಂತ್ರಾಂಶ ಮತ್ತು ತಜ್ಞರು ಮಾತ್ರವಲ್ಲ. ಗುಣಮಟ್ಟದ ಫಾರ್ಮಲಿನ್ ಡಬ್ಬಿಗಳು, ಮೇಣದ ಬಿಲ್ಲೆಯ ಅಚ್ಚುಗಳು, ಗಾಜಿನ ಪಟ್ಟಿಗಳು, ತಂಪು ಪೆಟ್ಟಿಗೆಗಳು, ನಂಬಿಕಸ್ತ ಸಾಗಣೆ, ಇವೆಲ್ಲ ಇಲ್ಲದೆ ಯಾವ ಮಾದರಿಯೂ ನಡೆಯದು. ಇವು ಸಣ್ಣ ಕೈಗಾರಿಕೆಗೆ ದಕ್ಕುವಂತಹ ವಸ್ತುಗಳೇ. ಕರ್ನಾಟಕವು 2001ರಲ್ಲಿಯೇ ಜೈವಿಕ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿದ ರಾಜ್ಯ. ಹೊಸ ಕಲ್ಪನೆಗಳನ್ನು ಹೊಂದಿದವರಿಗೆ ಕೇಂದ್ರದ ಬೈರಾಕ್ ಸಂಸ್ಥೆಯು 50 ಲಕ್ಷ ರೂಪಾಯಿಗಳವರೆಗೆ ಆರಂಭಿಕ ಅನುದಾನ ನೀಡುವ ಯೋಜನೆಯನ್ನೂ ಹೊಂದಿದೆ. ಆದರೆ ಇಲ್ಲಿ ಸರಕಿನ ದೋಷವು ರೋಗಿಯ ವರದಿಯ ದೋಷವಾಗುತ್ತದೆ. ಗುಣಮಟ್ಟದ ಪ್ರಮಾಣಪತ್ರ ಮತ್ತು ತಯಾರಿಕೆಯ ದಾಖಲೆಗಳು ಅಚ್ಚುಕಟ್ಟಾಗಿದ್ದವರಿಗಷ್ಟೇ ಈ ಮಾರುಕಟ್ಟೆಯ ಬಾಗಿಲು ತೆರೆಯುತ್ತದೆ.

ಅಂಕವು ಸಲಹೆಯೇ ಹೊರತು ತೀರ್ಪಲ್ಲ. ಆಯವ್ಯಯ ಪಟ್ಟಿ ಎಷ್ಟೇ ಅಂದವಾಗಿದ್ದರೂ ಅದರ ಹಿಂದೆ ಮೂಲ ವೋಚರ್, ಸರಿಯಾದ ನಮೂದು, ಹೊರಗಿನವರ ಪರಿಶೋಧನೆ ಈ ಮೂರೂ ಇಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಜೀನುಗಳ ದಿನವಹಿಗೂ ಈ ಮೂರೇ ಆಧಾರ. ಬ್ಲಾಕ್ ಕಾಯ್ದಿಡುವುದು, ಪ್ರಶ್ನೆ ಕೇಳುವುದು, ಆರೋಗ್ಯವಾಗಿರುವಾಗಲೇ ವಿಮೆ ಮಾಡಿಸುವುದು, ಈ ಮೂರು ಕೆಲಸಗಳು ಮಾತ್ರ ಪ್ರತಿಯೊಂದು ಕುಟುಂಬದ ಕೈಯಲ್ಲಿಯೇ ಇವೆ.